ಬಲಕ್ಕೇ ತಿರುಗಿಸಿ, ಸ್ವಾಮಿ

ನೈಟ್ರೋ ಟ್ರಕ್ ಮಾಲೀಕರಿಗೆ ಒಬ್ಬ ರಿಪೇರಿಯವನ ಬಹಿರಂಗ ಕೃತಜ್ಞತಾ ಪತ್ರ

ಮಾನ್ಯ ಅನ್ನದಾತರೇ,

ಬೆಂಗಳೂರಿನ ಒಂದು ಹಾಬಿ ಅಂಗಡಿಯ ಹಿಂಭಾಗದಲ್ಲಿ ಒಂದು ಮೇಜು, ಒಂದು ಟ್ಯೂಬ್‌ಲೈಟು, ಸುಟ್ಟ ಹರಳೆಣ್ಣೆಯ ವಾಸನೆ. ನನ್ನ ಸಂಸ್ಥಾನ ಇಷ್ಟೇ. ಭಾನುವಾರ ನೀವು ಮೈದಾನದಲ್ಲಿ ಓಡಿಸಿದ ನೈಟ್ರೋ ಇಂಧನದ ರಿಮೋಟ್ ಟ್ರಕ್ಕುಗಳು ಸೋಮವಾರ ಬೆಳಿಗ್ಗೆ ಈ ಮೇಜಿನ ಮೇಲೆ ಸಾಲಾಗಿ ಬಂದು ಕೂರುತ್ತವೆ. ಅವುಗಳಿಂದಲೇ ನನ್ನ ಮನೆ ಬಾಡಿಗೆ, ಮಗಳ ಸ್ಕೂಲ್ ಫೀಸು ಎರಡೂ ನಡೆಯುತ್ತಿವೆ. ಇಷ್ಟೆಲ್ಲ ಉಪಕಾರ ಮಾಡಿದವರಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲವಲ್ಲ ಎಂದು ಮನಸ್ಸು ಚುಚ್ಚುತ್ತಿತ್ತು. ಒಬ್ಬೊಬ್ಬರಿಗೆ ಹೇಳಿದರೆ ಇನ್ನೊಬ್ಬರಿಗೆ ಬೇಜಾರಾಗಬಹುದು. ಆದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು, ನೀವು ಎಂಥ ಯಂತ್ರವನ್ನು ಮಣಿಸಿದ್ದೀರಿ ಎಂಬುದು ಹೊರಗಿನವರಿಗೂ ತಿಳಿಯಲಿ. ಟೆಕ್ಸಸ್‌ನ ಟ್ರಾಕ್ಸಾಸ್ ಕಂಪನಿ 1999ರಲ್ಲಿ ಟಿ-ಮ್ಯಾಕ್ಸ್ ಎಂಬ ಟ್ರಕ್ ತಂದಿತು. ನಾಲ್ಕು ಚಕ್ರಕ್ಕೂ ಶಕ್ತಿ, ಎರಡು ಗೇರು, ಮೇಲೆ ರಿವರ್ಸು ಬೇರೆ. ಅದರ ಹಿಂದೆಯೇ ಸ್ಯಾವೇಜ್, ರೆವೋ ಮುಂತಾದವು ಬಂದವು. ಇವತ್ತು ನಿಮ್ಮಲ್ಲಿ ಬಹಳ ಜನರ ಕೈಯಲ್ಲಿರುವ ರೆವೋದ ಎಂಜಿನ್ನು 3.3 ಸಿಸಿ. ನೀವು ಮೈದಾನಕ್ಕೆ ಬರುವ ಸ್ಕೂಟರಿನದು 110 ಸಿಸಿ. ಆ ಸ್ಕೂಟರು ನಿಮಿಷಕ್ಕೆ ಏಳೆಂಟು ಸಾವಿರ ಸುತ್ತಿಗೇ ಸುಸ್ತು. ಈ ಚಿಕ್ಕದು ಮೂವತ್ತು ಸಾವಿರದ ಆಸುಪಾಸಿನಲ್ಲಿ ಕಿರುಚುತ್ತದೆ. ಎರಡು ಸ್ಟ್ರೋಕಿನದಾದ್ದರಿಂದ ಸೆಕೆಂಡಿಗೆ ಸುಮಾರು 500 ಸಲ ಒಳಗೆ ಬೆಂಕಿ ಹೊತ್ತುತ್ತದೆ. ಗಾಡಿ ಗಂಟೆಗೆ 70 ಕಿಲೋಮೀಟರ್ ದಾಟುತ್ತದೆ. ಇಷ್ಟು ದುಡಿಯುವ ಎಂಜಿನ್ನಿಗೆ ಬೇರೆ ಆಯಿಲ್ ಇಲ್ಲ, ರೇಡಿಯೇಟರ್ ಇಲ್ಲ, ಪಿಸ್ಟನ್ನಿಗೆ ರಿಂಗ್ ಕೂಡ ಇಲ್ಲ. ಎಣ್ಣೆ ಬರುವುದು ಇಂಧನದಲ್ಲಿ ಬೆರೆತು. ಹೆಡ್ಡಿಗೆ ತಾಗುವ ಗಾಳಿಯನ್ನು ಬಿಟ್ಟರೆ ತಂಪು ಸಿಗುವುದೂ ಇಂಧನದಿಂದಲೇ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಡಿ. ನೆನಪಿಟ್ಟುಕೊಂಡರೆ ಮುಂದೆ ನಾನು ಹೊಗಳುವ ಯಾವ ಕೆಲಸವನ್ನೂ ನಿಮ್ಮಿಂದ ಮಾಡಲಾಗದು.

ಮೊದಲ ಕೃತಜ್ಞತೆ, ಹೊಸ ಎಂಜಿನ್ನನ್ನು ಪೆಟ್ಟಿಗೆಯಿಂದ ತೆಗೆದ ಹತ್ತೇ ನಿಮಿಷದಲ್ಲಿ ಫುಲ್ ಥ್ರಾಟಲ್ ಕೊಟ್ಟವರಿಗೆ. ಈ ಎಂಜಿನ್ನಿನಲ್ಲಿ ಅಲ್ಯೂಮಿನಿಯಂ ಪಿಸ್ಟನ್, ಕ್ರೋಮ್ ಲೇಪದ ಹಿತ್ತಾಳೆ ಸ್ಲೀವ್. ಸ್ಲೀವು ಮೇಲುಗಡೆ ಕೂದಲೆಳೆಯಷ್ಟು ಕಿರಿದು. ತಣ್ಣಗಿರುವಾಗ ಪಿಸ್ಟನ್ ಮೇಲೆ ಬಂದರೆ ಅಲ್ಲಿ ಬಿಗಿಯಾಗಿ ಕಚ್ಚುತ್ತದೆ. ಕಾದು ಸ್ಲೀವು ಹಿಗ್ಗಿದಾಗ ಸಲೀಸಾಗಿ ಓಡುತ್ತದೆ. ಇವೆರಡೂ ಒಂದಕ್ಕೊಂದು ಹೊಂದಿಕೊಳ್ಳುವವರೆಗೆ ತಾಳ್ಮೆ ಬೇಕು. ಕಂಪನಿಯ ಕೈಪಿಡಿ ಐದು ಟ್ಯಾಂಕ್ ಇಂಧನವನ್ನು ಇದಕ್ಕೇ ಮೀಸಲಿಡಿ ಅನ್ನುತ್ತದೆ: ಮಿಶ್ರಣ ರಿಚ್ ಇಡಿ, ಅಂದರೆ ಇಂಧನ ಹೆಚ್ಚಿರಲಿ, ಸ್ವಲ್ಪ ಸ್ವಲ್ಪವೇ ಥ್ರಾಟಲ್ ಕೊಡಿ, ನಡುನಡುವೆ ಪೂರ್ತಿ ಆರಲು ಬಿಡಿ. ಶುರು ಮಾಡುವ ಮುಂಚೆ ಹೇರ್ ಡ್ರೈಯರ್‌ನಿಂದ ಹೆಡ್ ಬಿಸಿ ಮಾಡಿಕೊಳ್ಳುವ ಹುಚ್ಚರೂ ಇದ್ದಾರೆ. ನೀವು ಅಂಥವರಲ್ಲ. ಐದನೆಯ ಟ್ಯಾಂಕಿನವರೆಗೆ ಕಾಯುವ ವ್ಯವಧಾನ ನಿಮಗಿಲ್ಲ, ನಿಮ್ಮ ಎಂಜಿನ್ನಿಗೂ ಅಷ್ಟು ಆಯುಷ್ಯವಿಲ್ಲ. ತಣ್ಣಗಿನ ಎಂಜಿನ್ನು ಕಚ್ಚಿಕೊಂಡಿದ್ದರೂ ಸ್ಟಾರ್ಟರ್ ಗುಂಡಿಯನ್ನು ಬಿಡದೆ ಒತ್ತಿಹಿಡಿದು ಮೋಟರ್ ಸುಡುತ್ತೀರಲ್ಲ, ಅದೂ ನನ್ನ ಖಾತೆಗೆ ಜಮೆಯಾಗಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ: ನಿಮ್ಮ ಸ್ಕ್ರೂಡ್ರೈವರು.

ಕಾರ್ಬ್ಯುರೇಟರಿನಲ್ಲಿ ಮೂರು ಸ್ಕ್ರೂ ಇವೆ. ಹೈ ಸ್ಪೀಡ್ ನೀಡಲ್, ಲೋ ಸ್ಪೀಡ್ ನೀಡಲ್, ಐಡ್ಲಿಂಗ್ ಸ್ಕ್ರೂ. ನೀಡಲ್ಲನ್ನು ಬಲಕ್ಕೆ ತಿರುಗಿಸಿದರೆ ಇಂಧನ ಕಡಿಮೆಯಾಗಿ ಮಿಶ್ರಣ ಲೀನ್. ಎಡಕ್ಕೆ ತಿರುಗಿಸಿದರೆ ಇಂಧನ ಹೆಚ್ಚಾಗಿ ರಿಚ್. ಇಷ್ಟನ್ನು ಎಲ್ಲರೂ ಬಲ್ಲರು. ನಿಮ್ಮ ಹೆಗ್ಗಳಿಕೆ ಇರುವುದು ಎಡ ಎಂಬ ದಿಕ್ಕೇ ಇಲ್ಲವೆಂದು ನಂಬಿದ್ದರಲ್ಲಿ. ಬಲಕ್ಕೆ ಎಂಟನೇ ಒಂದು ಸುತ್ತು ತಿರುಗಿಸಿದಿರಿ, ಟ್ರಕ್ಕು ಚುರುಕಾಯಿತು. ಮತ್ತೆ ಎಂಟನೇ ಒಂದು ಸುತ್ತಿಗೆ ಇನ್ನೂ ಚುರುಕು. ಪಕ್ಕದಲ್ಲಿ ನಿಂತಿದ್ದ ಗೆಳೆಯ ಶಿಳ್ಳೆ ಹೊಡೆದ. ಮೂರನೆಯ ಸಲಕ್ಕೆ ಎಂಜಿನ್ನು ಹಿಂದೆಂದೂ ಇಲ್ಲದ ಹಾಗೆ ಹಾಡಿತು, ಹೊಗೆಯ ಗೆರೆ ಮಾಯವಾಯಿತು, ನೀವು ಫೋನಿನಲ್ಲಿ ವಿಡಿಯೋ ಮಾಡಿಕೊಂಡಿರಿ. ಆರುವ ದೀಪಕ್ಕೆ ಬೆಳಕು ಹೆಚ್ಚು ಎಂಬ ಮಾತಿದೆ. ನನ್ನ ವ್ಯಾಪಾರದ ಬುನಾದಿಯೇ ಅದು. ಇಂಧನ ಕಡಿಮೆಯಾದಾಗ ಅದರೊಳಗಿನ ಎಣ್ಣೆಯೂ ಕಡಿಮೆ, ಇಂಧನದಲ್ಲಿರುವ ಮೆಥನಾಲ್ ಆವಿಯಾಗುವಾಗ ಹೀರುತ್ತಿದ್ದ ಶಾಖವೂ ಒಳಗೇ ಉಳಿಯಿತು. ಸಾಯುವ ಮುಂಚಿನ ಕೆಲವು ನಿಮಿಷಗಳಲ್ಲಿ ಈ ಎಂಜಿನ್ನು ತನ್ನ ಜೀವಮಾನದಲ್ಲೇ ಅತ್ಯಂತ ಚೆನ್ನಾಗಿ ಓಡುತ್ತದೆ. ಆ ವಿಡಿಯೋವನ್ನು ಸೋಮವಾರ ನನಗೆ ತೋರಿಸಿ, "ನೋಡಿ ಸರ್, ಎಷ್ಟು ಚೆನ್ನಾಗಿ ಹೋಗ್ತಿತ್ತು, ಸಡನ್ನಾಗಿ ಏನಾಯ್ತೋ ಗೊತ್ತಿಲ್ಲ" ಅನ್ನುತ್ತೀರಿ. ನಾನು ತಲೆಯಾಡಿಸಿ ಹೊಸ ಪಿಸ್ಟನ್-ಸ್ಲೀವ್ ಸೆಟ್ಟಿನ ಡಬ್ಬಿ ತೆಗೆಯುತ್ತೇನೆ.

ಇದಕ್ಕೆ ತದ್ವಿರುದ್ಧವಾದ ಒಂದು ಪಂಗಡವೂ ಇದೆ. ಎಂಜಿನ್ ಉಳಿಸುತ್ತೇವೆಂದು ನೀಡಲ್ಲನ್ನು ಎಡಕ್ಕೇ ಬಿಟ್ಟು, ಮೈದಾನವನ್ನೆಲ್ಲ ಹೊಗೆಯಿಂದ ತುಂಬಿಸಿ, ಎಂಜಿನ್ನು ಬಿಸಿಯಾಗದ ಹಾಗೆ ಮುಳುಗಿಸಿಯೇ ಓಡಿಸುವವರು. ಕಾಯದ ಸ್ಲೀವು ಹಿಗ್ಗುವುದಿಲ್ಲ. ಪಿಸ್ಟನ್ನು ಪ್ರತಿ ಸುತ್ತಿಗೂ ಮೇಲಿನ ಬಿಗಿಗೆ ಹೋಗಿ ಉಜ್ಜುತ್ತದೆ. ಇವರು ನಿಧಾನಗತಿಯ ಗಿರಾಕಿಗಳು. ಆದರೂ ಬರುತ್ತಾರೆ.

ಟ್ಯೂನಿಂಗ್ ಅಂದರೆ ಏನೆಂದು ನಾಲ್ಕು ಮಾತು ಹೇಳಿಬಿಡುತ್ತೇನೆ. ಗೊತ್ತಿದ್ದೂ ಹೇಳಲಿಲ್ಲ ಎಂಬ ಪಾಪ ಬೇಡ. ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೆಯೇ ನೀಡಲ್ ಮುಟ್ಟಬೇಕು. ಮೊದಲು ಹೈ ಸ್ಪೀಡ್: ಫುಲ್ ಥ್ರಾಟಲಿನಲ್ಲಿ ನೇರ ಓಡಿಸಿ, ಹಿಂದೆ ತೆಳುವಾದ ಹೊಗೆಯ ಗೆರೆ ಉಳಿಯಬೇಕು, ವೇಗ ತುಟ್ಟತುದಿ ಮುಟ್ಟಿತು ಅನ್ನಿಸಿದ ಜಾಗದಿಂದ ಎಂಟನೇ ಒಂದು ಸುತ್ತು ಎಡಕ್ಕೆ ವಾಪಸ್ಸು. ಆಮೇಲೆ ಲೋ ಸ್ಪೀಡ್: ಐಡ್ಲಿಂಗಿನಲ್ಲಿ ನಿಲ್ಲಿಸಿ, ಇಂಧನದ ಟ್ಯೂಬನ್ನು ಕಾರ್ಬ್ಯುರೇಟರಿನ ಹತ್ತಿರ ಬೆರಳಲ್ಲಿ ಹಿಸುಕಿ ಹಿಡಿಯಿರಿ. ಎರಡು ಮೂರು ಸೆಕೆಂಡಿನಲ್ಲಿ ಶಬ್ದ ಕೊಂಚ ಏರಿ ಎಂಜಿನ್ ನಿಂತರೆ ಸರಿ. ಹಿಸುಕಿದ ಕೂಡಲೇ ನಿಂತರೆ ಲೀನ್. ಏರುತ್ತಲೇ ಹೋಗಿ ತಡವಾಗಿ ನಿಂತರೆ ರಿಚ್. ಐಡ್ಲಿಂಗ್ ಸ್ಕ್ರೂ ಕೊನೆಗೆ. ಒಂದು ಸಲಕ್ಕೆ ಒಂದೇ ನೀಡಲ್, ಅದೂ ಹದಿನಾರನೇ ಒಂದು ಸುತ್ತೋ ಎಂಟನೇ ಒಂದು ಸುತ್ತೋ. ನೀವು ಮೂರನ್ನೂ ಒಟ್ಟಿಗೆ ತಿರುಗಿಸಿ, ಎಲ್ಲಿಂದ ಹೊರಟಿರಿ ಎಂಬುದನ್ನು ಮರೆತು, ಗಾಡಿಯನ್ನು ಕವರಿನಲ್ಲಿ ಸುತ್ತಿಕೊಂಡು ನನ್ನಲ್ಲಿಗೆ ತರುವ ಪದ್ಧತಿಯೇ ನನಗಿಷ್ಟ.

ಟೆಂಪರೇಚರ್ ಗನ್ ಕೊಂಡವರ ವಿಷಯ ಬೇರೆ. ಅವರಿಗೆ ಹೊಗೆ ಕಾಣುವುದಿಲ್ಲ, ಶಬ್ದ ಕೇಳುವುದಿಲ್ಲ, ಅಂಕಿ ಒಂದೇ ಕಾಣುತ್ತದೆ. ಪ್ಲಗ್ಗಿನ ಸುತ್ತ 105ರಿಂದ 125 ಡಿಗ್ರಿ ಸೆಲ್ಸಿಯಸ್ ಒಳ್ಳೆಯದು ಎಂದು ಎಲ್ಲೋ ಓದಿರುತ್ತಾರೆ. ಅದು ಸುಳ್ಳಲ್ಲ. ಆದರೆ ಆ ಅಂಕಿ ತಲುಪಲೇಬೇಕೆಂದು ಜನವರಿಯ ಚಳಿ ಬೆಳಿಗ್ಗೆ ಬಲಕ್ಕೆ ಬಲಕ್ಕೆ ತಿರುಗಿಸುತ್ತಾರೆ ನೋಡಿ, ಅವರ ನಿಷ್ಠೆಗೆ ನಾನು ಶರಣು. ಹೆಡ್ಡಿನ ಮೇಲೆ ಒಂದು ಹನಿ ನೀರು ಬಿಟ್ಟು, ಅದು ಚುರ್ರೆಂದು ಹಾರಿಹೋಗುತ್ತದೋ, ನಿಧಾನ ಕುದಿದು ಆರುತ್ತದೋ ಎಂದು ನೋಡುತ್ತಿದ್ದ ಹಳಬರು ಗನ್ನಿಲ್ಲದೆಯೂ ತಪ್ಪುತ್ತಿರಲಿಲ್ಲ.

"ನಿನ್ನೆ ಸರಿಯಾಗಿತ್ತು ಸರ್." ಈ ಒಂದು ವಾಕ್ಯವನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದಿದ್ದೇನೆ. ನಿನ್ನೆ ಮಧ್ಯಾಹ್ನ ಸರಿಯಾಗಿತ್ತು, ನಿಜ. ಬಿಸಿಲಿನ ತೆಳು ಗಾಳಿಗೆ ಹೊಂದಿಸಿದ ನೀಡಲ್ಲನ್ನು ಇವತ್ತು ಬೆಳಗಿನ ತಣ್ಣನೆಯ ದಟ್ಟ ಗಾಳಿಯಲ್ಲಿ ಹಾಗೇ ಓಡಿಸಿದರೆ ಅದೇ ನೀಡಲ್ ಈಗ ಲೀನ್. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರ ತೀರಕ್ಕಿಂತ ಶೇಕಡಾ ಹತ್ತರಷ್ಟು ಕಡಿಮೆ. ಇಲ್ಲಿ ಅಂಚಿನವರೆಗೆ ಲೀನ್ ಮಾಡಿದ ಟ್ರಕ್ಕನ್ನು ರಜೆಗೆಂದು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಘಟ್ಟ ಇಳಿದು ಮಂಗಳೂರಿನ ಕಡೆ ಬೀಚಿನಲ್ಲಿ ಓಡಿಸುವವರಿದ್ದಾರೆ. ಗಾಳಿ ಹೆಚ್ಚು, ಇಂಧನ ಅಷ್ಟೇ. ಮೇಲೆ ಉಪ್ಪು, ಅದರ ಮೇಲೆ ಮರಳು. ಅವರು ವಾಪಸ್ಸು ಬರುವ ದಿನ ನಾನು ಅಂಗಡಿಗೆ ಬೇಗ ಬರುತ್ತೇನೆ.

ಇಷ್ಟಾದರೂ ನೀಡಲ್ಲಿನ ಮೇಲೆ ನಿಮಗಿರುವ ಭಕ್ತಿಯನ್ನು ನಾನು ಇನ್ನೂ ಪೂರ್ತಿ ಹೊಗಳಿಲ್ಲ. ನನ್ನ ಮೇಜಿಗೆ ಬರುವ ಗಾಡಿಗಳಲ್ಲಿ ಬಹಳಷ್ಟಕ್ಕೆ ನೀಡಲ್ಲಿನ ಕಾಯಿಲೆಯೇ ಇರುವುದಿಲ್ಲ. ಥ್ರಾಟಲ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಒಂದು ಸಲ ಸರಿ, ಇನ್ನೊಂದು ಸಲ ಇಲ್ಲ. ಕಾರ್ಬ್ಯುರೇಟರಿನ ಕುತ್ತಿಗೆಯಲ್ಲಿ ಒಂದು ಓ-ರಿಂಗ್ ಒಣಗಿ ಸೀಳಿರುತ್ತದೆ, ಅಲ್ಲಿಂದ ಕಳ್ಳಗಾಳಿ ನುಗ್ಗುತ್ತಿರುತ್ತದೆ. ಅಥವಾ ಹಿಂದಿನ ಪ್ಲೇಟಿನ ಸ್ಕ್ರೂ ಸಡಿಲ. ಅಥವಾ ಸೈಲೆನ್ಸರಿನಿಂದ ಟ್ಯಾಂಕಿಗೆ ಒತ್ತಡ ಕೊಡುವ ಟ್ಯೂಬಿನಲ್ಲಿ ತೂತು. ಟ್ಯಾಂಕ್ ಮುಚ್ಚಳದ ರಬ್ಬರು ಹೋಗಿ ಆ ಒತ್ತಡ ಸೋರಿಕೆ. ಅಥವಾ ಇಂಧನದ ಫಿಲ್ಟರಿನಲ್ಲಿ ಕಸ. ಅಥವಾ ಗ್ಲೋ ಪ್ಲಗ್ಗಿನ ಸುರುಳಿ ಬಾಗಿ ಬೂದಿಬಣ್ಣಕ್ಕೆ ತಿರುಗಿರುತ್ತದೆ. ಇವು ಯಾವುದಕ್ಕೂ ಸ್ಕ್ರೂಡ್ರೈವರಿನ ತುದಿಯಲ್ಲಿ ಮದ್ದಿಲ್ಲ. ನೀಡಲ್ಲಿಗೆ ಗೊತ್ತಿರುವ ಕೆಲಸ ಇಂಧನ ಅಳೆದು ಬಿಡುವುದೊಂದೇ. ತೂತನ್ನು ಅದು ಮುಚ್ಚಲಾರದು, ಪ್ಲಗ್ಗನ್ನು ಬದಲಿಸಲಾರದು. ಆದರೂ ಎಲ್ಲ ದೂರನ್ನೂ ಅದಕ್ಕೇ ಸಲ್ಲಿಸುತ್ತೀರಿ. ಸೋರುವ ಗಾಳಿಗೆ ಸರಿಹೊಂದಿಸಲು ನೀಡಲ್ ತಿರುಗಿಸಿ, ಆಮೇಲೆ ಅದರ ಏರುಪೇರನ್ನು ಸರಿಹೊಂದಿಸಲು ಐಡ್ಲಿಂಗ್ ತಿರುಗಿಸಿ, ಸಣ್ಣ ರಬ್ಬರ್ ರಿಂಗಿನಲ್ಲಿ ಮುಗಿಯಬೇಕಿದ್ದ ಕೆಲಸವನ್ನು ಪಿಸ್ಟನ್‌ವರೆಗೆ ಬಡ್ತಿ ಕೊಡಿಸುತ್ತೀರಿ.

ಏರ್ ಫಿಲ್ಟರಿನ ಬಗ್ಗೆ ಬರೆಯುವಾಗ ನನ್ನ ಕಣ್ಣು ತುಂಬಿಬರುತ್ತದೆ. ಒಂದು ಸ್ಪಂಜಿನ ತುಂಡು. ಪ್ರತಿ ಸಲ ಓಡಿಸಿದ ಮೇಲೂ ತೊಳೆದು, ಒಣಗಿಸಿ, ಫಿಲ್ಟರ್ ಎಣ್ಣೆ ಬಿಟ್ಟು ಹಿಸುಕಿ, ಅಂಚು ಸರಿಯಾಗಿ ಕೂರಿಸಿ ಕಟ್ಟಬೇಕಾದದ್ದು. ಎಣ್ಣೆಯಿಲ್ಲದ ಸ್ಪಂಜು ನಮ್ಮ ಕೆಂಪು ಮಣ್ಣಿನ ಧೂಳಿಗೆ ಬಾಗಿಲು ತೆರೆದಿಟ್ಟ ಹಾಗೆಯೇ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಸ್ಲೀವಿನ ಮೇಲುಗಡೆಯ ಆ ಬಿಗಿಯನ್ನು ಸವೆಸಿ ಹಾಕುತ್ತದೆ. ಆಮೇಲೆ ಎಂಜಿನ್ ತಣ್ಣಗಿದ್ದಾಗ ಹೊತ್ತುತ್ತದೆ, ಬಿಸಿಯಾದರೆ ನಿಲ್ಲುತ್ತದೆ, ಮತ್ತೆ ಹೊತ್ತುವುದಿಲ್ಲ. ನೀವು ಏನು ಮಾಡುತ್ತೀರಿ? ನೀಡಲ್ ತಿರುಗಿಸುತ್ತೀರಿ. ದೊಡ್ಡವರು ನೀವು.

ಇಂಧನದ ವಿಷಯದಲ್ಲೂ ನಿಮ್ಮ ಔದಾರ್ಯಕ್ಕೆ ಮಿತಿಯಿಲ್ಲ. ಡಬ್ಬಿಯ ಮೇಲೆ ನೈಟ್ರೋ ಶೇಕಡಾ 10, 20, 33 ಎಂದಿರುವುದನ್ನು ಪರೀಕ್ಷೆಯ ಅಂಕದ ಹಾಗೆ ಓದಿ, ಹೆಚ್ಚಿನದನ್ನೇ ಕೊಳ್ಳುತ್ತೀರಿ. ನೈಟ್ರೋಮೀಥೇನ್ ತನ್ನ ಅಣುವಿನಲ್ಲೇ ಆಮ್ಲಜನಕ ಹೊತ್ತು ಬರುತ್ತದೆ. ಒಂದು ಕಿಲೋ ಪೆಟ್ರೋಲು ಉರಿಯಲು ಹದಿನಾಲ್ಕೂವರೆ ಕಿಲೋಗೂ ಹೆಚ್ಚು ಗಾಳಿ ಬೇಕಾದರೆ, ಇದಕ್ಕೆ 1.7 ಕಿಲೋ ಸಾಕು. ಹಾಗಾಗಿ ಅದೇ ಸಿಲಿಂಡರಿನಲ್ಲಿ ಎಷ್ಟೋ ಪಟ್ಟು ಇಂಧನ ಉರಿಸಬಹುದು, ಶಕ್ತಿ ಬರುವುದು ಅಲ್ಲಿಂದ. ಆದರೆ ನೈಟ್ರೋ ಹೆಚ್ಚಿಸಿದರೆ ನೀಡಲ್ಲನ್ನೂ ರಿಚ್ ಕಡೆಗೆ ಸರಿಸಬೇಕು. ಎಡಕ್ಕೆ! ನಿಮಗೆ ನಾನು ಅಂಥ ಅವಮಾನ ಮಾಡಲಾರೆ.

ಪೆಟ್ರೋಲಿಗೆ ಟೂ-ಟಿ ಆಯಿಲ್ ಬೆರೆಸಿ ಸುರಿದು ನೋಡಿದವರಿಗೂ ಒಂದು ನಮಸ್ಕಾರ. ಈ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಅಮೆರಿಕದ ರೇ ಆರ್ಡೆನ್ 1947ರಲ್ಲಿ ಮಾರುಕಟ್ಟೆಗೆ ತಂದ ಗ್ಲೋ ಪ್ಲಗ್ಗಿನ ಜಾಣತನವೇ ಬೇರೆ: ಪ್ಲಾಟಿನಂ ತಂತಿಯ ಸುರುಳಿಯನ್ನು ಶುರುವಿನಲ್ಲಿ ಒಂದೂವರೆ ವೋಲ್ಟಿನ ಬ್ಯಾಟರಿಯಿಂದ ಕೆಂಪಗೆ ಕಾಯಿಸಿದರೆ ಸಾಕು, ಆಮೇಲೆ ಬ್ಯಾಟರಿ ತೆಗೆದರೂ ಮೆಥನಾಲಿನ ಆವಿ ಪ್ಲಾಟಿನಂ ಮೇಲೆ ನಡೆಸುವ ರಾಸಾಯನಿಕ ಕ್ರಿಯೆ, ಸಿಲಿಂಡರಿನ ಶಾಖ ಎರಡೂ ಸೇರಿ ಅದನ್ನು ಕಾಯಿಸಿಯೇ ಇಡುತ್ತವೆ. ಪೆಟ್ರೋಲಿಗೆ ಆ ನಂಟಿಲ್ಲ. ಸಿಲಿಕೋನ್ ಟ್ಯೂಬುಗಳು ಊದಿಕೊಂಡವು, ಗಾಡಿ ಅಲುಗಲಿಲ್ಲ, ಬಿಲ್ಲು ಮಾತ್ರ ಓಡಿತು.

ಒಂದು ಪ್ಯಾರಾ ತಮಾಷೆ ಬಿಟ್ಟು ಬರೆಯುತ್ತೇನೆ. ನಿಮ್ಮ ಡಬ್ಬಿಯಲ್ಲಿರುವ ದ್ರವದ ಬಹುಪಾಲು ಮೆಥನಾಲ್. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿಯಲ್ಲಿ ಬೆರೆತು ಮುನ್ನೂರಕ್ಕೂ ಹೆಚ್ಚು ಜನರನ್ನು ಕೊಂದದ್ದು ಇದೇ. ಸ್ವಲ್ಪ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು, ಚರ್ಮದ ಮೂಲಕವೂ ಮೈ ಸೇರುತ್ತದೆ. ಹತ್ತಿ ಉರಿದರೆ ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ. ಕೂಲ್ ಡ್ರಿಂಕ್ಸ್ ಬಾಟಲಿಯಲ್ಲಿ ತುಂಬಿ ಫ್ರಿಜ್ಜಿನ ಪಕ್ಕ ಇಟ್ಟಿರುವವರು ಈ ಪತ್ರ ಕೆಳಗಿಟ್ಟು, ಎದ್ದು ಹೋಗಿ, ಮೊದಲು ಅದನ್ನು ಮಕ್ಕಳ ಕೈಗೆ ಸಿಗದ ಕಡೆ, ಅದರದೇ ಡಬ್ಬಿಯಲ್ಲಿ, ಬೀಗ ಹಾಕಿ ಇಡಿ. ಇದರಲ್ಲಿ ನನಗೆ ವ್ಯಾಪಾರ ಬೇಡ.

ಸರಿ, ಮುಂದುವರಿಯೋಣ. ಓಡಿಸಿದ ಮೇಲೆ ಟ್ಯಾಂಕ್ ಖಾಲಿ ಮಾಡದೆ, ಕಾರ್ಬ್ಯುರೇಟರಿನಲ್ಲಿ ಉಳಿದದ್ದನ್ನು ಎಂಜಿನ್ ಓಡಿಸಿ ಮುಗಿಸದೆ, ಹಾಗೇ ಅಟ್ಟಕ್ಕೆ ಎಸೆಯುವವರಿಗೆ ನನ್ನ ಮಳೆಗಾಲದ ವಂದನೆಗಳು. ಮೆಥನಾಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಜೂನ್‌ನಲ್ಲಿ ಇಟ್ಟ ಗಾಡಿಯನ್ನು ದಸರಾ ರಜೆಗೆ ಇಳಿಸುವಾಗ ಕ್ರ್ಯಾಂಕಿನ ಹಿಂದಿನ ಬೇರಿಂಗ್ ತುಕ್ಕು ಹಿಡಿದು ಗರಗರ ಅನ್ನುತ್ತಿರುತ್ತದೆ, ಇಂಧನದಲ್ಲಿದ್ದ ಹರಳೆಣ್ಣೆ ಗೋಂದಾಗಿ ಪಿಸ್ಟನ್ನನ್ನು ಹಿಡಿದು ಕೂತಿರುತ್ತದೆ. ಪ್ಲಗ್ ಬಿಚ್ಚಿ ಆಫ್ಟರ್-ರನ್ ಎಣ್ಣೆಯ ನಾಲ್ಕು ಹನಿ ಒಳಗೆ ಬಿಟ್ಟು, ನಾಲ್ಕು ಸುತ್ತು ತಿರುಗಿಸಿ, ಪಿಸ್ಟನ್ನನ್ನು ಕೆಳಗೆ ನಿಲ್ಲಿಸಿ ಇಟ್ಟಿದ್ದರೆ ಇದು ಯಾವುದೂ ಆಗುತ್ತಿರಲಿಲ್ಲ. ಆಗದಿದ್ದರೆ ನನ್ನ ದೀಪಾವಳಿ ಹೇಗೆ ನಡೆಯಬೇಕು?

ಕ್ಲಚ್ ಬೆಲ್ಲಿನ ಕಡಲೆಕಾಳಿನಷ್ಟು ಬೇರಿಂಗುಗಳು, ಕಾಗದದ ಚೂರು ಇಟ್ಟು ನೋಡದೆ ಬಿಗಿಮಾಡಿದ ಗೇರುಗಳು, ಸಡಿಲಾದ ಎಂಜಿನ್ ಮೌಂಟು, ಇವೆಲ್ಲ ಚಿಲ್ಲರೆ ವ್ಯಾಪಾರ, ಬಿಡಿ. ಥ್ರಾಟಲಿನ ರಿಟರ್ನ್ ಸ್ಪ್ರಿಂಗ್ ತೆಗೆದುಹಾಕಿ, ಫೇಲ್-ಸೇಫ್ ಹೊಂದಿಸದೆ, ರಿಸೀವರಿನ ಬ್ಯಾಟರಿ ಸಾಯುವವರೆಗೆ ಓಡಿಸುವವರಿಗೆ ಮಾತ್ರ ಒಂದು ಮಾತು: ರೇಡಿಯೋ ಸತ್ತ ಮೇಲೆ 70 ಕಿಲೋಮೀಟರ್ ವೇಗದ ಗಾಡಿ ಯಾರ ಮಾತನ್ನೂ ಕೇಳುವುದಿಲ್ಲ, ಮೈದಾನದಲ್ಲಿ ಮಕ್ಕಳಿರುತ್ತಾರೆ.

ನನ್ನ ದುಃಖವನ್ನೂ ಸ್ವಲ್ಪ ತೋಡಿಕೊಳ್ಳುತ್ತೇನೆ. ನಿಮ್ಮಲ್ಲಿ ಕೆಲವರು ಬ್ರಶ್‌ಲೆಸ್ ಮೋಟರ್, ಲಿಪೋ ಬ್ಯಾಟರಿಯ ಗಾಡಿಗಳಿಗೆ ಪಕ್ಷಾಂತರ ಮಾಡಿದ್ದೀರಿ. ಹೊಗೆಯಿಲ್ಲ, ನೀಡಲ್ಲಿಲ್ಲ, ಪ್ಲಗ್ಗಿಲ್ಲ. ಚಾರ್ಜ್ ಮಾಡುತ್ತೀರಿ, ಓಡಿಸುತ್ತೀರಿ, ಮನೆಗೆ ಹೋಗುತ್ತೀರಿ. ವೇಗವೂ ಹೆಚ್ಚಂತೆ. ಇದನ್ನೂ ಹವ್ಯಾಸ ಅನ್ನುತ್ತಾರೆಯೇ? ಕೈಗೆ ಎಣ್ಣೆ ಮೆತ್ತಿಕೊಳ್ಳದವರ ಜೊತೆ ನಾನು ಮಾತನಾಡುವುದು ಏನನ್ನು?

ಅವರಿಗಿಂತಲೂ ಅಪಾಯಕಾರಿಯಾದ ಒಬ್ಬರು ನಮ್ಮ ಏರಿಯಾದಲ್ಲಿದ್ದಾರೆ. ನಿವೃತ್ತರು, ಹಳೆಯ ಟಿ-ಮ್ಯಾಕ್ಸ್ ಇಟ್ಟುಕೊಂಡಿದ್ದಾರೆ. ಮೈದಾನಕ್ಕೆ ಬಂದ ಮೇಲೆ ಮೊದಲು ಗಾಳಿ ಹೇಗಿದೆಯೆಂದು ನೋಡುತ್ತಾರೆ. ಸ್ಕ್ರೂಗಳನ್ನೆಲ್ಲ ಒಂದು ಸಲ ಮುಟ್ಟಿ ನೋಡುತ್ತಾರೆ, ಟ್ಯೂಬ್ ತಡವುತ್ತಾರೆ, ಪ್ಲಗ್ ಬಿಚ್ಚಿ ಕನ್ನಡಕ ಏರಿಸಿಕೊಂಡು ಓದುತ್ತಾರೆ. ಎಂಜಿನ್ ಬಿಸಿಯಾಗುವವರೆಗೆ ಸುಮ್ಮನೆ ಪಕ್ಕದಲ್ಲಿ ನಿಲ್ಲುತ್ತಾರೆ. ಸ್ಕ್ರೂಡ್ರೈವರು ಅವರ ಚೀಲದ ತಳದಲ್ಲಿರುತ್ತದೆ. ಹೊರಗೆ ಬಂದರೂ ಹದಿನಾರನೇ ಒಂದು ಸುತ್ತು, ಬಹಳ ಸಲ ಎಡಕ್ಕೆ, ತಿರುಗಿಸಿದ್ದನ್ನು ಡೈರಿಯಲ್ಲಿ ಬರೆದಿಡುತ್ತಾರೆ. ಅವರ ಟ್ರಕ್ಕು ನಿಮ್ಮದಕ್ಕಿಂತ ಸ್ವಲ್ಪ ನಿಧಾನ. ನಿಮ್ಮದು ನನ್ನ ಮೇಜಿನ ಮೇಲಿರುವಾಗ ಅದು ಮೈದಾನದಲ್ಲಿರುತ್ತದೆ, ಅಷ್ಟೇ ವ್ಯತ್ಯಾಸ. ಅವರಿಂದ ನನಗೆ ಈವರೆಗೆ ಒಂದು ಪಿಸ್ಟನ್ನಿನ ವ್ಯಾಪಾರವೂ ಆಗಿಲ್ಲ. ಹೊಸ ಹುಡುಗರು ಅವರ ಸುತ್ತ ನಿಂತು ನೋಡುತ್ತಿದ್ದದ್ದು ಮೊನ್ನೆ ಕಣ್ಣಿಗೆ ಬಿತ್ತು, ಎದೆ ಧಸಕ್ಕೆಂದಿತು. ದಯವಿಟ್ಟು ಅವರ ಹತ್ತಿರ ಹೋಗಬೇಡಿ. ಏನೂ ಕೇಳಬೇಡಿ. ಕೇಳಿದರೆ ಹೇಳಿಕೊಟ್ಟುಬಿಡುತ್ತಾರೆ.

ನಿಮ್ಮ ಬಲಗೈ ಹೀಗೇ ಬಲಕ್ಕೆ ತಿರುಗುತ್ತಿರಲಿ ಎಂದು ಹಾರೈಸುವ,

ಮೇಜಿನ ಹಿಂದಿನವನು

ತಾ.ಕ.: ಏರ್ ಫಿಲ್ಟರ್ ಎಣ್ಣೆ, ಆಫ್ಟರ್-ರನ್ ಎಣ್ಣೆ, ಓ-ರಿಂಗುಗಳ ಪೊಟ್ಟಣ ಮೂರೂ ಅಂಗಡಿಯ ಮುಂಭಾಗದಲ್ಲಿ, ಗಲ್ಲಾದ ಎಡಗಡೆ ಇವೆ. ಮೂರೂ ಸೇರಿದರೆ ಒಂದು ಪಿಸ್ಟನ್ ಸೆಟ್ಟಿನ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಆ ಕಡೆ ನೋಡದೆ ಸೀದಾ ಹಿಂದಕ್ಕೆ ಬನ್ನಿ.